ಸುಟ್ಟ ಹಸ್ತಪ್ರತಿ ಓದಿದವರು 70ನೇ ವಯಸ್ಸಿನಲ್ಲಿ ಚುನಾವಣೆಗೆ ಯಾಕೆ ನಿಂತರು?

ಪ್ರಶ್ನೆ: ನಾನು ನಿವೃತ್ತ ಕನ್ನಡ ಮೇಷ್ಟ್ರು, ಶಿವಮೊಗ್ಗ ಜಿಲ್ಲೆಯವನು. ರಷ್ಯನ್ ಲೇಖಕ ಬುಲ್ಗಾಕೋವ್‌ನ ‘ಮಾಸ್ಟರ್ ಮತ್ತು ಮಾರ್ಗರೀಟಾ’ ಕಾದಂಬರಿಯನ್ನು ಇಂಗ್ಲಿಷಿನಲ್ಲಿ ಎರಡು ಸಲ ಓದಿದೆ. ಅದರ ಬಗ್ಗೆ ಹುಡುಕುವಾಗ ಮರಿಯೆಟ್ಟಾ ಚುಡಕೋವಾ ಎನ್ನುವ ವಿದ್ವಾಂಸೆಯ ಹೆಸರು ಸಿಕ್ಕಿತು. ಬುಲ್ಗಾಕೋವ್ ಸುಟ್ಟುಹಾಕಿದ ಮೊದಲ ಕರಡನ್ನು ಮತ್ತೆ ಕಟ್ಟಿಕೊಟ್ಟವರು ಇವರಂತೆ. ಇವರ ಮೇಲೆ ಒಂದು ಸಣ್ಣ ಪತ್ರಿಕೆಗೆ ಲೇಖನ ಬರೆಯೋಣ ಅಂತ ಹೊರಟೆ. ಓದಿದಷ್ಟೂ ಗೊಂದಲ. ಒಂದು ಕಡೆ ‘ಸೋವಿಯತ್ ಕಾಲದ ಬಂಡಾಯಗಾರ್ತಿ’, ಇನ್ನೊಂದು ಕಡೆ ‘ಯೆಲ್ತ್ಸಿನ್ ಆಸ್ಥಾನದವರು’, ಮತ್ತೊಂದು ಕಡೆ ‘ಪುಟಿನ್ ವಿರೋಧಿ ನಾಯಕಿ’. 2007ರ ಚುನಾವಣೆಯಲ್ಲಿ ಇವರ ಪಕ್ಷಕ್ಕೆ ಶೇ 1 ಮತವೂ ಬರಲಿಲ್ಲವಂತೆ. ನಮ್ಮ ಕಾರಂತರೂ 1989ರಲ್ಲಿ ಲೋಕಸಭೆಗೆ ನಿಂತು ಸೋತರು, ಆದರೆ ಅವರು ಯಾಕೆ ನಿಂತರು ಅಂತ ನಮಗೆ ಗೊತ್ತಿತ್ತು. ಇವರಿಗೆ 70ನೇ ವಯಸ್ಸಿನಲ್ಲಿ ಇದು ಯಾಕೆ ಬೇಕಿತ್ತು? 1993ರಲ್ಲಿ ಯಾವುದೋ ಪತ್ರಕ್ಕೆ ಸಹಿ ಹಾಕಿದ್ದರಂತೆ. ಅದನ್ನು ಓದಿ ಮನಸ್ಸು ಕಹಿಯಾಯಿತು. ರಾಜಕೀಯ ಬಿಟ್ಟು ಬರೀ ವಿದ್ವತ್ತಿನ ಬಗ್ಗೆ ಬರೆದರೆ ತಪ್ಪಾ? ಹಾಗೆಯೇ, ಹೆಸರನ್ನು ಕನ್ನಡದಲ್ಲಿ ಸರಿಯಾಗಿ ಹೇಗೆ ಬರೆಯಬೇಕು?

ಉತ್ತರ: ಮೇಷ್ಟ್ರೇ, ನೀವು ನಾಲ್ಕೈದು ಪ್ರಶ್ನೆ ಕೇಳಿದ್ದೀರಿ. ಆದರೆ ನಿಮ್ಮನ್ನು ಕಾಡುತ್ತಿರುವುದು ಒಂದೇ ಅಂತ ನನಗೆ ಕಾಣುತ್ತದೆ. ಇಷ್ಟಪಟ್ಟವರ ಬದುಕಿನಲ್ಲಿ ಇಷ್ಟವಾಗದ್ದೊಂದು ಸಿಕ್ಕಿದೆ. ಅದನ್ನು ಬಿಟ್ಟರೆ ಸುಳ್ಳು ಹೇಳಿದ ಹಾಗಾಗುತ್ತದೆ, ಸೇರಿಸಿದರೆ ಲೇಖನ ಕೆಡುತ್ತದೆ ಅನ್ನುವ ಭಯ. ಮೂವತ್ತು ವರ್ಷ ರಷ್ಯನ್ ಭಾಷೆ, ಸಾಹಿತ್ಯ ಪಾಠ ಮಾಡಿದವನು ನಾನು. ಈ ಭಯ ನನಗೂ ಚೆನ್ನಾಗಿ ಗೊತ್ತು. ಒಮ್ಮೆ ಅದಕ್ಕೆ ಸೋತಿದ್ದೇನೆ ಕೂಡ. ಆ ಕತೆ ಆಮೇಲೆ ಹೇಳುತ್ತೇನೆ.

ಮೊದಲು, ನಿಮ್ಮ ಮೂರು ಹಣೆಪಟ್ಟಿಗಳಲ್ಲಿ ಯಾವುದು ಎಷ್ಟು ನಿಜ ಅಂತ ನೋಡೋಣ.

‘ಬಂಡಾಯಗಾರ್ತಿ’ ಅನ್ನುವುದು ಸರಿಯಲ್ಲ. ಸೋವಿಯತ್ ಕಾಲದ ಬಂಡಾಯಗಾರರು ಅಂದರೆ ಜೈಲು, ಗಡೀಪಾರು, ಹುಚ್ಚಾಸ್ಪತ್ರೆ ಕಂಡವರು. ಚುದಕೋವಾ ಅದ್ಯಾವುದನ್ನೂ ಕಾಣಲಿಲ್ಲ. (ಹೆಸರನ್ನು ನಾನು ಹೀಗೇ ಬರೆಯುತ್ತೇನೆ. ಯಾಕೆ ಅಂತ ಕೊನೆಗೆ ಹೇಳುತ್ತೇನೆ.) 1965ರಿಂದ 1984ರವರೆಗೆ ಮಾಸ್ಕೋದ ಲೆನಿನ್ ಗ್ರಂಥಾಲಯದ ಹಸ್ತಪ್ರತಿ ವಿಭಾಗದಲ್ಲಿ ಸರ್ಕಾರಿ ನೌಕರಿ ಮಾಡಿದರು. ಆಮೇಲೆ ಗೋರ್ಕಿ ಹೆಸರಿನ ಸಾಹಿತ್ಯ ಸಂಸ್ಥೆಯಲ್ಲಿ ಪಾಠ. ಪುಸ್ತಕಗಳು ಸೋವಿಯತ್ ಪ್ರಕಾಶನಗಳಿಂದಲೇ ಬಂದವು. ಮೈತುಂಬ ಭಿನ್ನಾಭಿಪ್ರಾಯ ಇಟ್ಟುಕೊಂಡು, ವ್ಯವಸ್ಥೆಯ ಒಳಗೇ ಕುಳಿತು, ಅದು ಎಷ್ಟು ಬಿಡುತ್ತದೋ ಅಷ್ಟನ್ನು ಮಾಡಿದವರು. ಅಲ್ಲಿ ಇಂಥವರು ಬಹಳ ಜನ ಇದ್ದರು. ಅವರನ್ನು ಬಂಡಾಯಗಾರರು ಅಂದರೆ, ನಿಜಕ್ಕೂ ಜೈಲಿಗೆ ಹೋದವರಿಗೆ ಅನ್ಯಾಯ ಮಾಡಿದ ಹಾಗೆ.

‘ಯೆಲ್ತ್ಸಿನ್ ಆಸ್ಥಾನ’ ಅನ್ನುವುದರಲ್ಲಿ ಅರ್ಧ ನಿಜ ಇದೆ. 1994ರಿಂದ ಅವರು ರಷ್ಯದ ಆಗಿನ ಅಧ್ಯಕ್ಷ ಯೆಲ್ತ್ಸಿನ್‌ನ ಸಲಹಾ ಮಂಡಳಿಯಲ್ಲಿದ್ದರು. ‘ಪುಟಿನ್ ವಿರೋಧಿ ನಾಯಕಿ’ಯೂ ಅರ್ಧ ನಿಜ. ವಿರೋಧಿ ಹೌದು, ನಾಯಕಿ ಅಲ್ಲ. ಪಕ್ಷದ ಪಟ್ಟಿಯಲ್ಲಿ ಮೂರನೆಯ ಹೆಸರು, ಅಷ್ಟೇ.

ಇನ್ನೊಂದು ತಪ್ಪು ನೀವು ಕೇಳದಿದ್ದರೂ ಹೇಳಿಬಿಡುತ್ತೇನೆ. ಇವರ ಗಂಡ ಅಲೆಕ್ಸಾಂದರ್ ಚುದಕೋವ್ ಕೂಡ ದೊಡ್ಡ ವಿದ್ವಾಂಸರು, ಚೆಖೋವ್ ತಜ್ಞರು. ಅವರು ಬರೆದ ಒಂದು ಕಾದಂಬರಿಗೆ, ಅವರು ತೀರಿಕೊಂಡ ಮೇಲೆ, ದಶಕದ ರಷ್ಯನ್ ಬೂಕರ್ ಬಂತು. ಯಂತ್ರಾನುವಾದ ಮಾಡಿದ ಪುಟಗಳಲ್ಲಿ ಅದು ಹೆಂಡತಿಯ ಖಾತೆಗೆ ಸೇರುವುದುಂಟು. ಹುಷಾರು.

ಈಗ ಸುಟ್ಟ ಹಸ್ತಪ್ರತಿಯ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು. ಯಾಕೆಂದರೆ 2007ಕ್ಕೆ ಉತ್ತರ ಇಲ್ಲೇ ಇದೆ.

ಬುಲ್ಗಾಕೋವ್ 1940ರಲ್ಲಿ ಸತ್ತಾಗ ಈ ಕಾದಂಬರಿ ಅಚ್ಚಾಗಿರಲಿಲ್ಲ. ಅವನ ಮೂರನೆಯ ಹೆಂಡತಿ ಯೆಲೆನಾ ಸೆರ್ಗೆಯೆವ್ನಾ ಕಾಗದಗಳನ್ನೆಲ್ಲ ಕಾಪಾಡಿಕೊಂಡು ಬಂದರು. 1966ರ ಕೊನೆ ಮತ್ತು 1967ರ ಮೊದಲಲ್ಲಿ ‘ಮಾಸ್ಕ್ವಾ’ ಪತ್ರಿಕೆಯಲ್ಲಿ, ಕತ್ತರಿ ಬಿದ್ದ ರೂಪದಲ್ಲಿ, ಅದು ಹೊರಬಂತು. ಪೂರ್ತಿ ಪಾಠ ಸೋವಿಯತ್ ನಾಡಿನಲ್ಲಿ ಪುಸ್ತಕವಾಗಿದ್ದು 1973ರಲ್ಲಿ. ಅಂದರೆ ಕಾದಂಬರಿಯನ್ನು ಉಳಿಸಿದವರು ಯೆಲೆನಾ. ಚುದಕೋವಾ ಅದನ್ನು ‘ಪತ್ತೆಹಚ್ಚಿದರು’ ಅಂತ ಬರೆಯಬೇಡಿ. ಗ್ರಂಥಾಲಯ ಈ ಕಾಗದಗಳನ್ನು ಪಡೆದುಕೊಂಡಾಗ ಅವುಗಳನ್ನು ವಿಂಗಡಿಸಿ, ಹಾಳೆ ಹಾಳೆಗೂ ವಿವರ ಬರೆಯುವ ಕೆಲಸ ಇವರ ಪಾಲಿಗೆ ಬಂತು. ಆಗ ಇವರಿಗೆ ವಯಸ್ಸು ಮೂವತ್ತರ ಆಸುಪಾಸು.

ಆ ರಾಶಿಯಲ್ಲಿ 1920ರ ದಶಕದ ಕೊನೆಯ ನೋಟ್‌ಬುಕ್ಕುಗಳಿದ್ದವು. ಒಳಗಿನ ಹಾಳೆಗಳಲ್ಲಿ ಬಹುಪಾಲು ಹರಿದುಹೋಗಿದ್ದವು. 1930ರ ಮಾರ್ಚಿನಲ್ಲಿ ಬುಲ್ಗಾಕೋವ್ ಸರ್ಕಾರಕ್ಕೆ ಒಂದು ಕಾಗದ ಬರೆದಿದ್ದ. ಸೈತಾನನ ಕುರಿತ ಕಾದಂಬರಿಯ ಕರಡನ್ನು ನಾನೇ ಕೈಯಾರೆ ಒಲೆಗೆ ಹಾಕಿದೆ ಅಂತ ಅದರಲ್ಲಿತ್ತು. ಹಾಕಿದ್ದು ಈ ಹಾಳೆಗಳನ್ನೇ. ಆದರೆ ಹೊಲಿಗೆಯ ಹತ್ತಿರ ಕಾಗದದ ಪಟ್ಟಿಗಳು ಉಳಿದುಕೊಂಡಿದ್ದವು. ಒಂದು ಹಾಳೆಯನ್ನು ಹೊಲಿಗೆಗೆ ಸಮನಾಗಿ ಹರಿದರೆ ಏನು ಉಳಿಯುತ್ತದೆ ಅಂತ ಯೋಚನೆ ಮಾಡಿ. ಮುಂಭಾಗದಲ್ಲಿ ಪ್ರತಿ ಸಾಲಿನ ಮೊದಲ ಒಂದೆರಡು ಅಕ್ಷರ. ಹಿಂಭಾಗದಲ್ಲಿ ಪ್ರತಿ ಸಾಲಿನ ಕೊನೆಯ ಒಂದೆರಡು ಅಕ್ಷರ. ಅಷ್ಟೇ.

ಈ ಪಟ್ಟಿಗಳಿಂದ ಚುದಕೋವಾ ಪುಟಗಳನ್ನು ಮತ್ತೆ ಕಟ್ಟಲು ಕುಳಿತರು. ಬುಲ್ಗಾಕೋವ್‌ನ ಕೈಬರಹದಲ್ಲಿ ಒಂದು ಸಾಲಿಗೆ ಎಷ್ಟು ಅಕ್ಷರ ಹಿಡಿಸುತ್ತದೆ? ಅವನು ಮತ್ತೆ ಮತ್ತೆ ಬಳಸುವ ಮಾತು ಯಾವುದು? ಆಮೇಲಿನ ಕರಡುಗಳಲ್ಲಿ ಇದೇ ಸನ್ನಿವೇಶ ಹೇಗಿದೆ? ಹೀಗೆ ಸಾಲು ಸಾಲಾಗಿ ಹೋಗಬೇಕು. ಕೆಲವು ಕಡೆ ಪೂರ್ತಿ ವಾಕ್ಯ ಸಿಗುತ್ತದೆ. ಕೆಲವು ಕಡೆ ಬರೀ ಊಹೆ. ಕೆಲವು ಕಡೆ ಏನೂ ಇಲ್ಲ. ಯಾವುದು ಕಾಗದದ ಮೇಲಿದೆ, ಯಾವುದು ತಾನು ತುಂಬಿದ್ದು ಅನ್ನುವ ಗೆರೆಯನ್ನು ಬೇರೆ ಚಿಹ್ನೆ ಹಾಕಿ ತೋರಿಸುವುದು ಈ ಕೆಲಸದ ಮೊದಲ ನಿಯಮ. ಹಸ್ತಪ್ರತಿ ಕೆಲಸ ಮಾಡಿದವರಿಗೆ ಇದು ಅರ್ಥವಾಗುತ್ತದೆ. ತುಂಬುವುದು ಕಷ್ಟ ಅಲ್ಲ. ಅರ್ಥ ಚೆನ್ನಾಗಿ ಹೊಂದುವ ಪದ ಹೊಳೆದಾಗಲೂ ಕೈ ಬಿಗಿಹಿಡಿದು ಖಾಲಿ ಬಿಡುವುದೇ ಕಷ್ಟ.

1976ರಲ್ಲಿ ಬುಲ್ಗಾಕೋವ್ ಕಾಗದಗಳ ಕುರಿತ ಅವರ ದೊಡ್ಡ ಬರಹ ಗ್ರಂಥಾಲಯದ ಸಂಚಿಕೆಯಲ್ಲಿ ಬಂತು. ಹೆಸರಿಗೆ ಅದು ಕಾಗದಪತ್ರಗಳ ವಿವರಪಟ್ಟಿ. ಒಳಗೆ ಇದ್ದದ್ದು ಬುಲ್ಗಾಕೋವ್‌ನ ಜೀವನಚರಿತ್ರೆ. ನೇರವಾಗಿ ಬರೆದಿದ್ದರೆ ಅಚ್ಚಾಗುತ್ತಿರಲಿಲ್ಲ. ಪೂರ್ತಿ ಜೀವನಚರಿತ್ರೆ ಪುಸ್ತಕವಾಗಿ ಬಂದದ್ದು 1988ರಲ್ಲಿ, ಗೋರ್ಬಚೇವ್ ಕಾಲದ ಗಾಳಿ ಬೀಸಿದ ಮೇಲೆ.

ನಾನು ಆ ಹೊತ್ತಿನಲ್ಲಿ ಮಾಸ್ಕೋದಲ್ಲಿ ಓದುತ್ತಿದ್ದೆ. ಅದಕ್ಕೂ ಮೊದಲು ಬುಲ್ಗಾಕೋವ್ ಪುಸ್ತಕ ಅಲ್ಲಿನ ಸಾಮಾನ್ಯ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ವಿದೇಶಿ ಹಣ ತೆಗೆದುಕೊಳ್ಳುವ ‘ಬೆರ್ಯೋಜ್ಕಾ’ ಅಂಗಡಿಯಲ್ಲಿ ಸಿಗುತ್ತಿತ್ತು. ಅಂದರೆ ಕನ್ನಡದ ಹುಡುಗನೊಬ್ಬ ಡಾಲರ್ ಕೊಟ್ಟು ಕೊಳ್ಳಬಹುದಾದ ರಷ್ಯನ್ ಕಾದಂಬರಿಯನ್ನು ರಷ್ಯದ ಹುಡುಗ ಕೊಳ್ಳುವಂತಿರಲಿಲ್ಲ. ನಮ್ಮ ಊರುಗಳಿಗೆ ನವಕರ್ನಾಟಕದ ಮಳಿಗೆಗಳ ಮೂಲಕ ಅಗ್ಗದ, ಗಟ್ಟಿ ರಟ್ಟಿನ ಸೋವಿಯತ್ ಪುಸ್ತಕ ಬರುತ್ತಿದ್ದವಲ್ಲ, ನೀವೂ ಕೊಂಡಿರುತ್ತೀರಿ. ನಾನು ಬೆಳೆದದ್ದೇ ಅವುಗಳ ಮೇಲೆ. ಅವುಗಳ ಬಗ್ಗೆ ಇವತ್ತಿಗೂ ಪ್ರೀತಿ ಇದೆ. ಆದರೆ ಆ ಕಪಾಟಿನಲ್ಲಿ ಯಾರು ಇರಲಿಲ್ಲ ಅನ್ನುವುದು ಮಾಸ್ಕೋಗೆ ಹೋಗುವವರೆಗೆ ನನಗೆ ಗೊತ್ತಿರಲಿಲ್ಲ.

ಇಲ್ಲಿಂದ ರಾಜಕೀಯಕ್ಕೆ ದಾರಿ ಹೇಗೆ ಅಂತ ಕೇಳುತ್ತೀರಿ. ಅವರು ಮಾಡುತ್ತಿದ್ದ ಕೆಲಸವನ್ನೇ ಇನ್ನೊಮ್ಮೆ ನೋಡಿ. ಒಬ್ಬ ಲೇಖಕ ಯಾಕೆ ತನ್ನ ಹಾಳೆ ಸುಟ್ಟ? 1926ರಲ್ಲಿ ಅವನ ಮನೆ ಶೋಧ ಮಾಡಿ ದಿನಚರಿಯನ್ನು ಯಾರು ಹೊತ್ತೊಯ್ದರು? ಅಂತರ್ಯುದ್ಧದ ಕಾಲದಲ್ಲಿ ಅವನು ಬೊಲ್ಶೆವಿಕರ ವಿರುದ್ಧ ಹೋರಾಡಿದ ‘ಬಿಳಿ’ ಸೈನ್ಯದ ಜೊತೆ ವೈದ್ಯನಾಗಿದ್ದ ಅನ್ನುವುದು ಅಧಿಕೃತ ಪುಸ್ತಕಗಳಲ್ಲಿ ಯಾಕಿಲ್ಲ? ಇದನ್ನು ತಿಳಿಯಲು ಅವರು ಬುಲ್ಗಾಕೋವ್‌ನ ಮೊದಲ ಹೆಂಡತಿ ತತ್ಯಾನಾ ಲಪ್ಪಾ ಅವರನ್ನು ಕಪ್ಪು ಸಮುದ್ರದ ದಂಡೆಯ ತುವಾಪ್ಸೆ ಊರಿನಲ್ಲಿ ಕಂಡು ಮಾತಾಡಿಸಿದರು. ಆ ಮುದುಕಿಯ ನೆನಪು ಬಿಟ್ಟರೆ ಕೈಗೆ ಸಿಗುವ ದಾಖಲೆ ಬಹಳ ಇರಲಿಲ್ಲ. ಹೀಗೆ ಒಂದು ಹಾಳೆಯ ಹಿಂದೆ ಹೋದರೆ ರಾಜ್ಯದ ಬಾಗಿಲಿಗೆ ಬಂದು ನಿಲ್ಲುತ್ತೀರಿ. ಹಸ್ತಪ್ರತಿ ವಿಭಾಗದ ನೌಕರಿಯೇ ಅವರಿಗೆ ರಾಜಕೀಯದ ಪಾಠಶಾಲೆಯಾಯಿತು ಅಂತ ನನ್ನ ಲೆಕ್ಕ.

1975ರಲ್ಲಿ ಅವರು ಹುಡುಗರಿಗಾಗಿ ಒಂದು ಪುಸ್ತಕ ಬರೆದರು. ವಿಷಯ ಖಾಸಗಿ ಕಾಗದಪತ್ರ. ದಿನಚರಿ ಬರೆಯಿರಿ, ಅಜ್ಜಿಯ ಕಾಗದ ಎಸೆಯಬೇಡಿ, ಮನೆಯವರ ನೆನಪು ಬರೆದಿಡಿ ಅನ್ನುವ ಪುಸ್ತಕ. ಕೇಳಲು ಏನೂ ಇಲ್ಲ, ಅಲ್ವಾ? ಆದರೆ ಸ್ತಾಲಿನ್‌ನ ಬಂಧನಗಳು ಜೋರಾಗಿದ್ದ 1937ರಲ್ಲಿ ಭಯಕ್ಕೆ ಕಾಗದಗಳನ್ನು ಒಲೆಗೆ ಹಾಕಿದ ಮನೆಗಳ ಮಕ್ಕಳು ಓದುತ್ತಿದ್ದರು ಅದನ್ನು.

ಅವರು ಹುಟ್ಟಿದ್ದೂ 1937ರಲ್ಲೇ, ಜನವರಿ 2ರಂದು, ಮಾಸ್ಕೋದಲ್ಲಿ. ತಂದೆ ಕಾಕಸಸ್ ಬೆಟ್ಟ ಸೀಮೆಯ ದಾಗೆಸ್ತಾನದವರು, ತಾಯಿ ರಷ್ಯನ್. ಅಣ್ಣ ಸೆಲಿಮ್ ಖಾನ್-ಮಗೊಮೆದೋವ್ ಕೂಡ ದೊಡ್ಡ ಹೆಸರು. ಸ್ತಾಲಿನ್ ಕಾಲದಲ್ಲಿ ಮೂಲೆಗೆ ತಳ್ಳಿದ್ದ 1920ರ ದಶಕದ ಹೊಸ ಬಗೆಯ ಕಟ್ಟಡ ಕಲೆಯ ಚರಿತ್ರೆಯನ್ನು ಮತ್ತೆ ಬರೆದವರು. ಒಂದೇ ಮನೆಯ ಇಬ್ಬರೂ ಅಳಿಸಿದ್ದನ್ನು ಓದುವ ಕೆಲಸಕ್ಕೆ ಬಿದ್ದರು. ಇದು ಹೇಗಾಯಿತೋ!

ಚಿಕ್ಕಂದಿನಲ್ಲಿ ಅವರು ಎಲ್ಲರ ಹಾಗೆ ಸೋವಿಯತ್ ಹುಡುಗಿ. 1956ರ ಫೆಬ್ರವರಿಯಲ್ಲಿ ಆಗಿನ ಸೋವಿಯತ್ ನಾಯಕ ಖ್ರುಶ್ಚೇವ್ ಸ್ತಾಲಿನ್ ವಿರುದ್ಧ ಗುಟ್ಟಿನ ಭಾಷಣ ಮಾಡಿದ. ಅದನ್ನು ಮಾಸ್ಕೋ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ವಿದ್ಯಾರ್ಥಿಗಳಿಗೆ ಓದಿ ಹೇಳಿದರು. ಹತ್ತೊಂಬತ್ತರ ಹುಡುಗಿ ಕುಳಿತು ಕೇಳಿದಳು. ಒಳಗೆ ಹೋದವಳೇ ಬೇರೆ, ಕೆಲವು ಗಂಟೆ ಬಿಟ್ಟು ಹೊರಗೆ ಬಂದವಳೇ ಬೇರೆ ಅಂತ ಅವರು ಆಮೇಲೆ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಇಂಥ ‘ಒಂದೇ ದಿನದಲ್ಲಿ ಬದಲಾದೆ’ ಮಾತುಗಳನ್ನು ನಾನು ಸುಲಭಕ್ಕೆ ನಂಬುವವನಲ್ಲ. ನೆನಪು ಕತೆ ಕಟ್ಟುತ್ತದೆ. ಆದರೆ ಅವರ ಪೀಳಿಗೆಯ ತುಂಬ ಜನ ಆ ವರ್ಷವನ್ನೇ ತೋರಿಸುತ್ತಾರೆ.

ಸಾಹಿತ್ಯದವರು ರಾಜಕೀಯಕ್ಕೆ ಬರುವುದು ರಷ್ಯದಲ್ಲಿ ವಿಚಿತ್ರವೇನೂ ಅಲ್ಲ. 1989ರಲ್ಲಿ ಗೋರ್ಬಚೇವ್ ಜನಪ್ರತಿನಿಧಿಗಳ ಮಹಾಸಭೆ ಕರೆದಾಗ ಹಳೆಯ ರಷ್ಯನ್ ಸಾಹಿತ್ಯದ ಲಿಖಚೋವ್, ಬೈಜಾಂಟಿಯಮ್ ಸಾಹಿತ್ಯದ ಅವೆರಿಂತ್ಸೆವ್, ಭಾಷಾವಿಜ್ಞಾನಿ ಇವಾನೋವ್, ದಸ್ತಯೆವ್ಸ್ಕಿ ತಜ್ಞ ಕರ್ಯಾಕಿನ್ ಎಲ್ಲರೂ ಅಲ್ಲಿದ್ದರು. ಕಮ್ಯುನಿಸ್ಟ್ ಪಕ್ಷದ ಹಿಡಿತ ಚರಿತ್ರೆ, ತತ್ವಶಾಸ್ತ್ರಗಳ ಮೇಲೆ ಇದ್ದಷ್ಟು ಹಳೆಯ ಪಾಠಗಳ ಸಂಪಾದನೆಯ ಮೇಲೆ ಇರಲಿಲ್ಲ. ಹಾಗಾಗಿ ಗಟ್ಟಿ ತಲೆಗಳು ಅಲ್ಲಿ ಹೋಗಿ ಸೇರಿದ್ದವು. ಬಾಗಿಲು ತೆರೆದಾಗ ಅಲ್ಲಿಂದಲೇ ಹೊರಬಂದವು.

ಈಗ ನಿಮ್ಮ ಮನಸ್ಸು ಕಹಿ ಮಾಡಿದ ಪತ್ರ.

1993ರ ಶರತ್ಕಾಲದಲ್ಲಿ ಯೆಲ್ತ್ಸಿನ್‌ಗೂ ಸಂಸತ್ತಿಗೂ ಜಗಳ ಹತ್ತಿತು. ಯೆಲ್ತ್ಸಿನ್ ಸಂಸತ್ತನ್ನು ವಿಸರ್ಜಿಸಿದ. ಆಗಿನ ಸಂವಿಧಾನದಲ್ಲಿ ಆ ಅಧಿಕಾರ ಅವನಿಗಿರಲಿಲ್ಲ. ಸಂಸತ್ತು ಒಪ್ಪಲಿಲ್ಲ. ಅಕ್ಟೋಬರ್ 3ರಂದು ಸಂಸತ್ತಿನ ಕಡೆಯ ಜನ ಮಾಸ್ಕೋದ ಮೇಯರ್ ಕಚೇರಿಗೆ ನುಗ್ಗಿದರು, ಟಿವಿ ಕೇಂದ್ರದ ಮೇಲೆ ದಾಳಿಗೆ ಹೋದರು. 4ರಂದು ಟ್ಯಾಂಕುಗಳು ಸಂಸತ್ ಭವನದ ಮೇಲೆ ಗುಂಡು ಹಾರಿಸಿದವು. ನೂರಕ್ಕೂ ಹೆಚ್ಚು ಜನ ಸತ್ತರು. 5ರಂದು ‘ಇಜ್ವೆಸ್ತಿಯಾ’ ಪತ್ರಿಕೆಯಲ್ಲಿ 42 ಲೇಖಕರ ಪತ್ರ ಬಂತು. ಕಮ್ಯುನಿಸ್ಟ್ ಮತ್ತು ರಾಷ್ಟ್ರವಾದಿ ಪಕ್ಷಗಳನ್ನು ನಿಷೇಧಿಸಿ, ಇಂಥಿಂಥ ಪತ್ರಿಕೆಗಳನ್ನು ಮುಚ್ಚಿಸಿ ಅಂತ ಅದರಲ್ಲಿತ್ತು. ಚುದಕೋವಾ ಸಹಿ ಹಾಕಿದ್ದರು. ಲಿಖಚೋವ್, ಕವಿ ಅಖ್ಮದುಲಿನಾ, ಹಾಡುಗಾರ ಒಕುಜಾವಾ, ಕಾದಂಬರಿಕಾರ ಅಸ್ತಾಫ್ಯೆವ್ ಕೂಡ ಹಾಕಿದ್ದರು.

ಜೀವನವಿಡೀ ಕತ್ತರಿ ಬಿದ್ದ ಪಾಠಗಳನ್ನು ಕೂಡಿಸಿದವರು ‘ಪತ್ರಿಕೆ ಮುಚ್ಚಿಸಿ’ ಅಂತ ಸಹಿ ಹಾಕಿದರು. ಇದನ್ನು ನಾನು ಸಮರ್ಥಿಸುವುದಿಲ್ಲ. ಅವರ ಕಡೆಯವರು ಹೇಳುವುದು ಹೀಗೆ: ಅಂದು ರಾತ್ರಿ ಮಾಸ್ಕೋದಲ್ಲಿ ಅಂತರ್ಯುದ್ಧ ಶುರುವಾದಂತಿತ್ತು, ಹಳೆಯ ವ್ಯವಸ್ಥೆ ಬಂದೂಕು ಹಿಡಿದು ವಾಪಸ್ ಬರುತ್ತಿದೆ ಅನ್ನಿಸಿತ್ತು. ಆ ಭಯ ಸುಳ್ಳಲ್ಲ. ಇನ್ನೊಂದು ಕಡೆಯವರು ಹೇಳುವುದು: ಅಧ್ಯಕ್ಷ ಮನಸ್ಸು ಬಂದಂತೆ ಸಂಸತ್ತನ್ನು ಒಡೆಯಬಹುದು ಅನ್ನುವುದನ್ನು ಉದಾರವಾದಿಗಳೇ ಒಪ್ಪಿಕೊಟ್ಟರು. ಅದೇ ಡಿಸೆಂಬರಿನಲ್ಲಿ ಬಂದ ಹೊಸ ಸಂವಿಧಾನ ಅಧ್ಯಕ್ಷನ ಕೈಗೆ ಬಹಳ ಅಧಿಕಾರ ಕೊಟ್ಟಿತು. ಏಳು ವರ್ಷದೊಳಗೆ ಆ ಕುರ್ಚಿಯಲ್ಲಿ ಪುಟಿನ್ ಕುಳಿತ. ನನಗೆ ಎರಡನೆಯ ಮಾತು ಜಾಸ್ತಿ ತೂಕದ್ದು ಅನ್ನಿಸುತ್ತದೆ.

ಆದರೆ ಮುಂದಿನ ಪುಟವನ್ನೂ ಓದಿ. ಮರುವರ್ಷವೇ ಅವರು ಅಧ್ಯಕ್ಷರ ಕ್ಷಮಾದಾನ ಆಯೋಗದ ಸದಸ್ಯರಾದರು. ಕಾದಂಬರಿಕಾರ ಪ್ರಿಸ್ತಾವ್ಕಿನ್ ಅದರ ಮುಖ್ಯಸ್ಥ. ಒಕುಜಾವಾ ಇದ್ದರು. ಸ್ತಾಲಿನ್ ಶಿಬಿರಗಳಲ್ಲಿ ವರ್ಷಗಟ್ಟಲೆ ಕಳೆದ ಲೆವ್ ರಜ್ಗೋನ್ ಇದ್ದರು. ಮರಣದಂಡನೆಯಾದವರ, ದೀರ್ಘ ಶಿಕ್ಷೆಯಾದವರ ಅರ್ಜಿಗಳನ್ನು ಇವರು ಒಂದೊಂದಾಗಿ ಓದಬೇಕಿತ್ತು. ರಷ್ಯ 1996ರಲ್ಲಿ ಯುರೋಪ್ ಮಂಡಳಿ ಸೇರಿತು, ಗಲ್ಲಿನ ಬದಲು ಅಲ್ಲಿದ್ದ ಗುಂಡಿಕ್ಕುವ ಶಿಕ್ಷೆ ಆ ವರ್ಷ ನಿಂತಿತು. 1999ರ ಜೂನಿನಲ್ಲಿ ಯೆಲ್ತ್ಸಿನ್ ಸಾವಿನ ಸಾಲಿನಲ್ಲಿದ್ದ 700ಕ್ಕೂ ಹೆಚ್ಚು ಜನರ ಶಿಕ್ಷೆ ಬದಲಾಯಿಸಿದ. 2001ರ ಕೊನೆಯಲ್ಲಿ ಪುಟಿನ್ ಈ ಆಯೋಗವನ್ನೇ ರದ್ದು ಮಾಡಿದ. ಸಹಿ ಹಾಕಿದ್ದೂ ಅದೇ ಕೈ, ಅರ್ಜಿ ಓದಿದ್ದೂ ಅದೇ ಕಣ್ಣು. ಒಂದನ್ನು ಇನ್ನೊಂದಕ್ಕೆ ವಜಾ ಹಾಕಲು ಹೋಗಬೇಡಿ. ಅದು ಕಿರಾಣಿ ಅಂಗಡಿಯ ಲೆಕ್ಕವಲ್ಲ.

2007ಕ್ಕೆ ಬರೋಣ. ನೀವು ಕಾರಂತರ ಹೆಸರು ತಂದದ್ದು ಒಳ್ಳೆಯದಾಯಿತು. ಯಾಕೆಂದರೆ ವ್ಯತ್ಯಾಸ ಹೇಳಲು ಸುಲಭ. ಕಾರಂತರು ಒಂದು ಕ್ಷೇತ್ರದಲ್ಲಿ ನಿಂತರು. ಜನ ಅವರ ಹೆಸರಿಗೆ ಮತ ಹಾಕಬಹುದಿತ್ತು, ಬಿಡಬಹುದಿತ್ತು. 2007ರ ರಷ್ಯದಲ್ಲಿ ಕ್ಷೇತ್ರಗಳೇ ಇರಲಿಲ್ಲ. ಕೆಳಮನೆಯಾದ ದೂಮಾದ 450 ಸ್ಥಾನಗಳೂ ಪಕ್ಷಗಳ ಪಟ್ಟಿಗೆ. ಪಟ್ಟಿಯ ಮೇಲ್ಭಾಗದಲ್ಲಿ ಹೆಚ್ಚೆಂದರೆ ಮೂರು ಹೆಸರು, ದೇಶದ ಎಲ್ಲ ಮತಪತ್ರಗಳಲ್ಲೂ ಅವು ಕಾಣುತ್ತಿದ್ದವು. ಸ್ಥಾನ ಬೇಕಾದರೆ ದೇಶದ ಒಟ್ಟು ಮತದಲ್ಲಿ ಶೇ 7 ಬರಬೇಕು. ಮೊದಲು ಅದು ಶೇ 5 ಇತ್ತು. ‘ಯಾರಿಗೂ ಇಲ್ಲ’ ಅನ್ನುವ ಸಾಲನ್ನೂ ಅದರ ಹಿಂದಿನ ವರ್ಷ ತೆಗೆದುಹಾಕಿದ್ದರು.

‘ಬಲ ಶಕ್ತಿಗಳ ಒಕ್ಕೂಟ’ ಅನ್ನುವ ಪಕ್ಷ ತನ್ನ ಮೂರು ಹೆಸರಾಗಿ ನಿಕಿತಾ ಬೆಲಿಹ್, ಬೊರಿಸ್ ನೆಮ್ತ್ಸೋವ್, ಮರಿಯೆತ್ತಾ ಚುದಕೋವಾ ಅವರನ್ನು ಇಟ್ಟಿತು. ಇಲ್ಲಿ ‘ಬಲ’ ಅಂದರೆ ಮಾರುಕಟ್ಟೆ ಪರ, ಉದಾರವಾದಿ. ನಮ್ಮಲ್ಲಿ ಬಲಪಂಥ ಅಂದ ಕೂಡಲೇ ಬರುವ ಅರ್ಥ ಅಲ್ಲ. ಇದನ್ನು ಲೇಖನದಲ್ಲಿ ಒಂದು ಸಾಲಿನಲ್ಲಾದರೂ ಹೇಳಿ, ಇಲ್ಲದಿದ್ದರೆ ಓದುಗರು ಅಡ್ಡದಾರಿ ಹಿಡಿಯುತ್ತಾರೆ.

ಪಕ್ಷಕ್ಕೆ ಬಂದದ್ದು ಶೇ 0.96. ಸುಮಾರು 6.7 ಲಕ್ಷ ಮತ. ಯಾಕೆ ಇಷ್ಟು ಕಡಿಮೆ? ಎರಡು ಕಾರಣ ಇವೆ, ಒಂದನ್ನೇ ಹೇಳುವವರನ್ನು ನಂಬಬೇಡಿ.

ಆಟ ನ್ಯಾಯವಾಗಿರಲಿಲ್ಲ. ಪ್ರಚಾರದ ಕಾಗದಗಳನ್ನು ಪೊಲೀಸರು ಲಕ್ಷಗಟ್ಟಲೆ ವಶಪಡಿಸಿಕೊಂಡರು. ನವೆಂಬರಿನಲ್ಲಿ ನೆಮ್ತ್ಸೋವ್‌ನನ್ನು ಸೇಂಟ್ ಪೀಟರ್ಸ್‌ಬರ್ಗ್‌ನ ಮೆರವಣಿಗೆಯಲ್ಲಿ ಹಿಡಿದರು. ಅದೇ ತಿಂಗಳು ಮಾಸ್ಕೋದ ಲುಜ್ನಿಕಿ ಮೈದಾನದಲ್ಲಿ ಪುಟಿನ್, ವಿದೇಶಿ ದೂತಾವಾಸಗಳ ಬಾಗಿಲಲ್ಲಿ ನರಿಗಳ ಹಾಗೆ ಸುತ್ತುವವರು ಅಂತ ವಿರೋಧಿಗಳನ್ನು ಹಂಗಿಸಿದ. ಯುರೋಪಿನ ಚುನಾವಣಾ ವೀಕ್ಷಕರ ಮುಖ್ಯ ತಂಡ ವೀಸಾ ಸಿಗದೆ ಬರಲೇ ಇಲ್ಲ. ಆಳುವ ಪಕ್ಷಕ್ಕೆ ಶೇ 64.3.

ಆದರೆ ಇನ್ನೊಂದು ಕಾರಣವೂ ಅಷ್ಟೇ ನಿಜ. ಜನರಿಗೆ ಈ ಪಕ್ಷ ಬೇಕಿರಲಿಲ್ಲ. 1992ರಲ್ಲಿ ಬೆಲೆಗಳು ಒಂದೇ ವರ್ಷದಲ್ಲಿ ಇಪ್ಪತ್ತೈದು ಪಟ್ಟು ಏರಿದ್ದನ್ನು, ಉಳಿತಾಯ ಖಾತೆ ಬೂದಿಯಾದದ್ದನ್ನು ಯಾರೂ ಮರೆತಿರಲಿಲ್ಲ. 1998ರ ಆಗಸ್ಟಿನಲ್ಲಿ ದೇಶ ಸಾಲ ಕಟ್ಟಲಾಗದೆ ಕೈಯೆತ್ತಿದಾಗ ಪ್ರಧಾನಿಯಾಗಿದ್ದ ಕಿರಿಯೆಂಕೊ, ಮರುವರ್ಷ ಇದೇ ಪಕ್ಷದ ಮುಂದಾಳು. (ಇವತ್ತು ಅವನು ಪುಟಿನ್ ಕಚೇರಿಯ ದೊಡ್ಡ ಅಧಿಕಾರಿ. ರಷ್ಯದ ರಾಜಕೀಯ ಅಂದರೆ ಹೀಗೆಯೇ.) 1999ರಲ್ಲಿ ಶೇ 8.5 ತೆಗೆದುಕೊಂಡಾಗ ಈ ಪಕ್ಷ ಪುಟಿನ್‌ಗೇ ಬೆಂಬಲ ಕೊಟ್ಟಿತ್ತು. 2003ರಲ್ಲಿ ಶೇ 4ರ ಆಸುಪಾಸು ಬಿದ್ದು ದೂಮಾದಿಂದ ಹೊರಬಿತ್ತು. ಅಂದರೆ ಚುದಕೋವಾ ಕಾಲಿಟ್ಟದ್ದು ಮುಳುಗುವ ದೋಣಿಗೆ, ಅದು ಎಲ್ಲರಿಗೂ ಕಾಣುತ್ತಿತ್ತು.

ಹಾಗಾದರೆ ಯಾಕೆ? ಯೆಲ್ತ್ಸಿನ್ ಸರ್ಕಾರದಲ್ಲಿ ಮಾರುಕಟ್ಟೆ ನೀತಿ ತಂದ ಗೈದರ್‌ನ ಆರ್ಥಿಕ ಸುಧಾರಣೆಯನ್ನು ಅವರು ಮನಸಾರೆ ನಂಬಿದ್ದರು. 1992ರ ಆ ಬೆಲೆಯೇರಿಕೆಗೆ ಜನ ಬೈಯುತ್ತಿದ್ದದ್ದು ಇದೇ ಗೈದರ್‌ಗೆ. ಅವನು ತೀರಿಕೊಂಡ ಮೇಲೆ ಮಕ್ಕಳಿಗೆ ಅರ್ಥವಾಗುವಂತೆ ಅವನ ಜೀವನಚರಿತ್ರೆಯನ್ನೂ ಬರೆದರು. ನನಗೆ ಅದು ಅವರ ದುರ್ಬಲ ಪುಸ್ತಕ. ಬುಲ್ಗಾಕೋವ್‌ನ ಹಾಳೆಗೆ ಕೇಳಿದ ಪ್ರಶ್ನೆಗಳನ್ನು ಗೈದರ್‌ಗೆ ಕೇಳಲಿಲ್ಲ. ಇನ್ನೊಂದು ಕಾರಣ ನನಗೆ ಜಾಸ್ತಿ ಒಪ್ಪಿಗೆಯಾಗುತ್ತದೆ. ಆ ಹೊತ್ತಿಗಾಗಲೇ ಅವರು ಕಾರಿನಲ್ಲಿ ಪುಸ್ತಕ ತುಂಬಿಕೊಂಡು ದೂರದ ಊರುಗಳ ಶಾಲೆ, ಗ್ರಂಥಾಲಯಗಳಿಗೆ ಹೋಗುತ್ತಿದ್ದರು. ಹುಡುಗರಿಗಾಗಿ ಪತ್ತೇದಾರಿ ಕಾದಂಬರಿ ಸರಣಿ ಬರೆದಿದ್ದರು. ಮಾಸ್ಕೋದ ಹುಡುಗಿಯೊಬ್ಬಳು, ಮಾಡದ ತಪ್ಪಿಗೆ ಶಿಕ್ಷೆಯಾದವನನ್ನು ಬಿಡಿಸಲು ಸೈಬೀರಿಯಕ್ಕೆ ಹೊರಡುವ ಕತೆ ಅದು. ಶಾಲೆಗಳಲ್ಲಿ ಸ್ತಾಲಿನ್ ಮತ್ತೆ ‘ಗಟ್ಟಿ ನಾಯಕ’ ಆಗುತ್ತಿರುವುದನ್ನು ಕಣ್ಣಾರೆ ಕಂಡಿದ್ದರು. ಚುನಾವಣೆ ಅಂದರೆ ಅದೇ ಮಾತನ್ನು ಇನ್ನಷ್ಟು ಜನರಿಗೆ ಹೇಳುವ ಅವಕಾಶ. ಗೆಲುವಿನ ಆಸೆಗೆ ನಿಂತಿರಲಿಕ್ಕಿಲ್ಲ.

ಪಕ್ಷ 2008ರಲ್ಲಿ ತಾನೇ ಮುಚ್ಚಿಕೊಂಡಿತು. ಮತಪತ್ರದ ಮೂರು ಹೆಸರುಗಳಲ್ಲಿ ಬೆಲಿಹ್ ಕಿರೋವ್ ಪ್ರಾಂತದ ರಾಜ್ಯಪಾಲನಾದ, 2016ರಲ್ಲಿ ಲಂಚದ ಆರೋಪದ ಮೇಲೆ ಬಂಧನವಾಗಿ ಎಂಟು ವರ್ಷದ ಶಿಕ್ಷೆಗೆ ಒಳಗಾದ. ನೆಮ್ತ್ಸೋವ್‌ನನ್ನು 2015ರ ಫೆಬ್ರವರಿ 27ರ ರಾತ್ರಿ ಕ್ರೆಮ್ಲಿನ್ ಪಕ್ಕದ ಸೇತುವೆಯ ಮೇಲೆ ಗುಂಡಿಟ್ಟು ಕೊಂದರು. ಚುದಕೋವಾ 2021ರ ನವೆಂಬರ್ 21ರಂದು ಕೋವಿಡ್‌ನಿಂದ ತೀರಿಕೊಂಡರು. 84 ವರ್ಷ. ಯುಕ್ರೇನ್ ಮೇಲಿನ ದೊಡ್ಡ ಯುದ್ಧ ಶುರುವಾಗಲು ಮೂರು ತಿಂಗಳಿತ್ತು.

ಇನ್ನು ನಿಮ್ಮ ಲೇಖನ. ಮೂರು ದಾರಿ ಇದೆ.

ರಾಜಕೀಯ ಬಿಟ್ಟು ಬರೆಯಬಹುದು. ತಪ್ಪಲ್ಲ. ಬುಲ್ಗಾಕೋವ್ ಕಾಗದಗಳ ಕತೆಯೊಂದೇ ಸಾಕು, ಪತ್ರಿಕೆಯ ಎರಡು ಪುಟ ತುಂಬುತ್ತದೆ. ಆದರೆ ಆಗ ಅದು ಹಸ್ತಪ್ರತಿಯ ಮೇಲಿನ ಲೇಖನ ಅಂತ ಶೀರ್ಷಿಕೆಯಲ್ಲೇ ಹೇಳಿ. ಜೀವನಚಿತ್ರ ಅಂತ ಕರೆದು 1993, 2007 ಬಿಟ್ಟರೆ ಸಿಕ್ಕಿಬೀಳುತ್ತೀರಿ. ಹೇಳಿದೆನಲ್ಲ, ನಾನು ಸಿಕ್ಕಿಬಿದ್ದಿದ್ದೇನೆ. ವರ್ಷಗಳ ಹಿಂದೆ ಒಕುಜಾವಾ ಮೇಲೆ ಬರೆದಾಗ ಅದೇ 42 ಸಹಿಯ ಪತ್ರವನ್ನು ಸುಮ್ನೆ ದಾಟಿಬಿಟ್ಟೆ. ಗಿಟಾರು, ಮಾಸ್ಕೋದ ಬೀದಿ, ಯುದ್ಧದ ನೆನಪು, ಎಲ್ಲ ಚೆನ್ನಾಗಿತ್ತು. ಓದುಗರೊಬ್ಬರು ಕಾರ್ಡ್ ಬರೆದರು: ‘ಇದು ನಿಮಗೆ ಗೊತ್ತಿರಲಿಲ್ಲವೋ, ನಮಗೆ ಗೊತ್ತಾಗಬಾರದೆಂದೋ?’ ಉತ್ತರ ಬರೆಯಲು ನನಗೆ ಮುಖ ಇರಲಿಲ್ಲ.

ಎರಡನೆಯದು, ಪುಟಿನ್ ವಿರುದ್ಧ ನಿಂತ ವೀರ ಮಹಿಳೆ ಅಂತ ಬರೆಯುವುದು. ಸಂಪಾದಕರಿಗೆ ಇದು ಇಷ್ಟವಾಗುತ್ತದೆ. ಆದರೆ ಅರ್ಧ ದಾಖಲೆ ಮುಚ್ಚಿಟ್ಟರೆ ಮಾತ್ರ ಈ ಕತೆ ನಿಲ್ಲುತ್ತದೆ.

ಮೂರನೆಯದು ನನ್ನ ಆಯ್ಕೆ. 2007ರ ಮತಪತ್ರದಿಂದ ಶುರುಮಾಡಿ, ಹಿಂದಕ್ಕೆ ಹೋಗಿ. 1993ಕ್ಕೆ ಒಂದು ಪ್ಯಾರಾ ಕೊಡಿ. ಪತ್ರದಲ್ಲಿ ಏನಿತ್ತು ಅಂತ ಹೇಳಿ, ಮೊದಲು ತೀರ್ಪು ಕೊಡಬೇಡಿ. ಅವರು ಯಾಕೆ ಸಹಿ ಹಾಕಿದರು ಅನ್ನುವುದು ನಿಮಗೆ ಪೂರ್ತಿ ಹೊಂದಿಸಲು ಆಗದಿದ್ದರೆ, ಆ ಜಾಗವನ್ನು ಖಾಲಿ ಬಿಡಿ. ಹರಿದ ಹಾಳೆಯಲ್ಲಿ ಅವರೂ ಹಾಗೇ ಮಾಡಿದರು. ಇದರಲ್ಲೂ ಅಪಾಯ ಇದೆ. ವಿವರಣೆ ಜಾಸ್ತಿ ಬೇಕು, ಲೇಖನ ಉದ್ದವಾಗುತ್ತದೆ, ಸಂಪಾದಕರು ಕತ್ತರಿಸುವುದಾದರೆ 1993ರ ಪ್ಯಾರಾವನ್ನೇ ಮೊದಲು ಕತ್ತರಿಸುತ್ತಾರೆ. ಅದು ಹೋದರೆ ಲೇಖನವನ್ನೇ ವಾಪಸ್ ಪಡೆಯುತ್ತೇನೆ ಅಂತ ಮುಂಚೆಯೇ ಹೇಳಿಬಿಡಿ.

ಒಂದು ಎಚ್ಚರಿಕೆ. ಬುಲ್ಗಾಕೋವ್ ಕೂಡ ಈಗ ಜಗಳದ ಹೊರಗಿಲ್ಲ. ಅವನು ಹುಟ್ಟಿದ್ದು ಕೀವ್‌ನಲ್ಲಿ. ಯುಕ್ರೇನ್ ಸ್ವತಂತ್ರವಾಗಿರುವುದನ್ನು ಅವನು ಲೇವಡಿ ಮಾಡಿದ್ದಾನೆ ಅನ್ನುವುದು ಅಲ್ಲಿನವರ ಹಳೆಯ ದೂರು. 2024ರಲ್ಲಿ ಅಲ್ಲಿನ ರಾಷ್ಟ್ರೀಯ ಸ್ಮರಣೆ ಸಂಸ್ಥೆಯ ತಜ್ಞರು ಅವನನ್ನು ಸಾಮ್ರಾಜ್ಯವಾದಿ ಅಂತಲೇ ಬರೆದರು. ಅವನ ಸ್ಮಾರಕಗಳನ್ನು ತೆಗೆಯುವ ಮಾತು ನಡೆದಿದೆ. ಹಾಗಾಗಿ ಅವನನ್ನು ಬರೀ ಸ್ತಾಲಿನ್ ಕೈಯಲ್ಲಿ ನೊಂದವನು ಅಂತ ಬರೆದು ಮುಂದೆ ಹೋಗಬೇಡಿ.

ಕೊನೆಗೆ ಹೆಸರು. ‘ಚುಡಕೋವಾ’, ‘ಮರಿಯೆಟ್ಟಾ’ ಇಂಗ್ಲಿಷ್ ಮೂಲಕ ಬಂದ ರೂಪಗಳು. ರಷ್ಯನ್ನಿನ ತ, ದ ನಮ್ಮ ತ, ದ ಥರವೇ, ಹಲ್ಲಿಗೆ ನಾಲಗೆ ತಾಗಿಸಿ ಹೇಳುವಂಥವು. ಟ, ಡ ಅಲ್ಲ. ಆದ್ದರಿಂದ ಮರಿಯೆತ್ತಾ ಒಮಾರೊವ್ನಾ ಚುದಕೋವಾ. ಒಮಾರೊವ್ನಾ ಅಂದರೆ ಒಮರ್‌ನ ಮಗಳು, ದಾಗೆಸ್ತಾನದ ತಂದೆಯ ಗುರುತು ಅಲ್ಲಿದೆ. ಚುದಕೋವಾ ಗಂಡನ ಮನೆತನದ ಹೆಸರು. ‘ಚುದಾಕ್’ ಅನ್ನುವ ಮಾತಿನಿಂದ ಬಂದದ್ದು. ಲೋಕ ಒಂದು ದಾರಿ ಹಿಡಿದರೆ ತಾನೊಂದು ದಾರಿ ಹಿಡಿಯುವ ವಿಚಿತ್ರ ಮನುಷ್ಯನನ್ನು ರಷ್ಯದವರು ಚುದಾಕ್ ಅನ್ನುತ್ತಾರೆ, ಅರ್ಧ ಬೈಗುಳ, ಅರ್ಧ ಪ್ರೀತಿ. ಕನ್ನಡದಲ್ಲಿ ಇದಕ್ಕೆ ಸರಿಯಾದ ಪದ ನಿಮಗೆ ಹೊಳೆದರೆ ನನಗೊಂದು ಸಾಲು ಬರೆಯಿರಿ. ಮೂವತ್ತು ವರ್ಷ ತರಗತಿಯಲ್ಲಿ ನಾನು ‘ಒಂಥರಾ ಮನುಷ್ಯ’ ಅಂತ ಹೇಳಿ ದಾಟಿಸಿದ್ದೇನೆ.